ಲಗ್ನದ ರೀಲಿನ ಕೊನೆಗೆ ಗೂಡ್ಸ್ ಗಾಡಿ

ಆ ಫೋನು ಮಾಡಿದವನು ನಾನೇ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ನಮ್ಮ ಮನೆಯಲ್ಲಿ ಅರ್ಧ ಜನ ಇವತ್ತಿಗೂ ಅದನ್ನು ಕಾಕಾನೇ ಮಾಡಿದನೆಂದು ನಂಬಿದ್ದಾರೆ. ದನಿ ಕಾಕಾನದೇ, ಬಾಯಿ ಮಾತ್ರ ನನ್ನದು. ಅಮ್ಮಿನಬಾವಿಯ ಒಬ್ಬ ಹೆಣ್ಣುಮಗಳು, ಮೊಮ್ಮಕ್ಕಳನ್ನು ಕಂಡವರು, "ನಮ್ಮಪ್ಪನ ಫೋಟೊ ಐತೇನ್ರಿ?" ಎಂದು ಕೇಳಿದಾಗ, ಕಾಕಾನ ಹಾಗೆ ಗಂಟಲು ಸರಿಮಾಡಿಕೊಂಡು, ಕಾಕಾನ ಹಾಗೆ ಒಂದಿಷ್ಟು ತಡೆದು, "ಇರೂದಿಲ್ಲೇನ್ರಿ ಮತ್ತ? ಬರ್ರಿ, ಬರ್ರಿ" ಎಂದೆ. ಆ ಫೋಟೊ ಇದೆಯೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಅವರ ಅಪ್ಪ ಯಾರೆಂದೂ ಗೊತ್ತಿರಲಿಲ್ಲ. ಸಭಾಂಗಣದಲ್ಲಿ ಖಾಲಿ ಕುರ್ಚಿ ಕಾಣಬಾರದು ಎಂಬುದಷ್ಟೇ ಗೊತ್ತಿತ್ತು. ಅದರ ಫಲವಾಗಿ ಮೂರು ದಿನ ನಡೆಯಬೇಕಿದ್ದ ಫೋಟೊ ಪ್ರದರ್ಶನ ಮೊದಲ ದಿನ ಊಟದ ಹೊತ್ತಿಗೇ ಮುಗಿದುಹೋಯಿತು.

ನಾನು ಮಂದಿಯ ದನಿ ತೆಗೆಯುವವನು. ಹುಬ್ಬಳ್ಳಿ ಸ್ಟೇಷನ್ನಿನಲ್ಲಿ ಗಾಡಿ ತಡವಾದದ್ದಕ್ಕೆ ಮೂರು ಭಾಷೆಗಳಲ್ಲಿ ವಿಷಾದಿಸುವ ಹೆಂಗಸಿನ ದನಿ ಇದೆಯಲ್ಲ, ವಿಷಾದ ಎಳ್ಳಷ್ಟೂ ಇಲ್ಲದ ದನಿ, ಅದು ನನಗೆ ಬರುತ್ತದೆ. ಬೆಂಗೇರಿಯ ನಮ್ಮ ಓಣಿಯಲ್ಲಿ ಕೊತ್ತಂಬರಿ ಮಾರುವವಳದು ಬರುತ್ತದೆ. ಪುಢಾರಿಗಳದು ಬರುತ್ತದೆ, ಅದಕ್ಕೇನು ಕಲಿಯುವುದು ಬೇಕಾಗಿಲ್ಲ, ಕೆಮ್ಮಿದರೆ ಸಾಕು. ಲಗ್ನಗಳಿಗೆ ಕರೆಯುತ್ತಾರೆ, ನಗುತ್ತಾರೆ, ಉಣಿಸಿ ಕಳಿಸುತ್ತಾರೆ. ಇಷ್ಟೆಲ್ಲ ದನಿಗಳ ನಡುವೆ ನನ್ನ ಸ್ವಂತದ್ದು ಎಲ್ಲಿ ಹೋಗಿದೆಯೋ ನನಗೂ ಪತ್ತೆಯಿಲ್ಲ. "ಒಮ್ಮೆರ ನಿನ್ನ ದನಿಯಾಗ ರೊಟ್ಟಿ ಕೇಳಲೇ, ಯಾರಿಗೆ ನೀಡಾಕತ್ತೇನಿ ಅನ್ನೂದರ ತಿಳೀಲಿ" ಎಂದು ಅವ್ವ ಬೈಯುತ್ತಾಳೆ.

ಎಲ್ಲಕ್ಕಿಂತ ಚೆನ್ನಾಗಿ ಬರುವುದು ಕಾಕಾನ ದನಿ. ಕಾಕಾ ನಮ್ಮಪ್ಪನ ತಮ್ಮ. ದುರ್ಗದಬೈಲಿನ ಒಂದು ಸಂದಿಯಲ್ಲಿ, ಬಳೆ ಅಂಗಡಿಯ ಮೇಲೆ, ಅವನ ಸ್ಟುಡಿಯೋ. ಒಂದು ಕಾಲಕ್ಕೆ ಸುತ್ತಲಿನ ಹಳ್ಳಿಗಳ ಲಗ್ನಗಳನ್ನೆಲ್ಲ ಅವನೇ ತೆಗೆದದ್ದು. ಈಗ ಅಲ್ಲಿ ಪಾಸ್‌ಪೋರ್ಟ್ ಫೋಟೊ ತೆಗೆಯುತ್ತಾರೆ, ಮೊಬೈಲಿನ ಕವರು ಮಾರುತ್ತಾರೆ. ಆದರೆ ಕಾಕಾನನ್ನು ಲಗ್ನದ ಫೋಟೊದವನು ಎಂದಿರೋ, ಮುಗಿಯಿತು. "ಏ, ಲಗ್ನ ಹೊಟ್ಟಿಗೆ. ನಾ ಖರೇ ಅಂದ್ರ ರೈಲ್ವೆ ಫೋಟೊಗ್ರಾಫರ್" ಎನ್ನುತ್ತಾನೆ. ರೈಲ್ವೆಯವರಿಗೆ ಈ ಸಂಗತಿ ಗೊತ್ತಿರಲಿಲ್ಲ.

ಅವನ ರೈಲಿನ ಹುಚ್ಚು ಖರೆ. ಅದರ ಖರ್ಚು ಮಾತ್ರ ಬೇರೆಯವರದು. ಆಗೆಲ್ಲ ರೀಲಿನ ಕಾಲ. ಒಂದು ರೀಲಿಗೆ ಮೂವತ್ತಾರು ಫೋಟೊ. ಲಗ್ನದ ಮನೆಯಲ್ಲಿ ಮದುಮಕ್ಕಳನ್ನು ಬಿಟ್ಟು ಉಳಿದವರಿಗೆಲ್ಲ ತಮ್ಮದೊಂದು ಫೋಟೊ ಬೇಕು. ಬೀಗರು, ಬೀಗರ ಬೀಗರು, ಅವರ ಜೀಪಿನ ಡ್ರೈವರು, ಎಲ್ಲರೂ ಕ್ರಾಪು ತೀಡಿಕೊಂಡು ಸಾಲಾಗಿ ನಿಲ್ಲುತ್ತಾರೆ. ಬ್ಯಾಡ ಎಂದರೆ ಮುನಿಸು. ಅದಕ್ಕೆ ಆ ಕಾಲದ ಫೋಟೊಗ್ರಾಫರರೆಲ್ಲ ಒಂದು ಉಪಾಯ ಕಂಡುಕೊಂಡಿದ್ದರು. ಫ್ಲ್ಯಾಶಿನ ಬೆನ್ನಿಗೆ ಒಂದು ಸಣ್ಣ ಗುಂಡಿ. ಅದನ್ನು ಒತ್ತಿದರೆ ಬೆಳಕು ಮಾತ್ರ ಬರುತ್ತದೆ, ರೀಲಿನ ಮೇಲೆ ಏನೂ ಬೀಳುವುದಿಲ್ಲ. ಖಾಲಿ ಫ್ಲ್ಯಾಶು. ಎದುರಿಗೆ ನಿಂತವರು ಕಣ್ಣು ಪಿಳುಕಿಸಿ, ಫೋಟೊ ಆಯಿತು ಎಂದು ಸಂತೋಷಪಟ್ಟು ಊಟಕ್ಕೆ ಹೋಗುತ್ತಾರೆ. ಮುಂದೆ ಯಾವತ್ತೋ ಕೇಳಿದರೆ "ಅದಕ್ಕ ಬೆಳಕು ಹೊಡದೈತ್ರಿ, ಕೆಟ್ಟೈತಿ" ಎಂದರಾಯಿತು. ಬೇರೆ ಫೋಟೊಗ್ರಾಫರರು ಹೀಗೆ ಉಳಿಸಿದ್ದನ್ನು ಇನ್ನೊಂದು ಲಗ್ನಕ್ಕೆ ಬಳಸುತ್ತಿದ್ದರು. ಕಾಕಾ ರೈಲಿಗೆ ಬಳಸುತ್ತಿದ್ದ. ರೈಲಿಗೆಂದು ಸ್ವಂತ ರೀಲು ಹಾಕಿದವನೇ ಅಲ್ಲ. ಅವನ ಕ್ಯಾಮೆರಾದಲ್ಲಿ ಓಡಿದ ರೈಲುಗಳೆಲ್ಲ ಯಾರದೋ ಲಗ್ನದ ಖರ್ಚಿನಲ್ಲಿ ಓಡಿದವು.

ಲಗ್ನದ ಮರುದಿನ ಬೆಳಿಗ್ಗೆ, ತಲೆಯಲ್ಲಿ ಇನ್ನೂ ಅಕ್ಕಿಕಾಳು ಇರುವಾಗಲೇ, ಕಾಕಾ ಯಾರ್ಡಿನ ಕಡೆ ನಡೆಯುತ್ತಿದ್ದ. ಬೇಲಿಯ ಸಂದಿನಿಂದ, ಮೆಟ್ಟಿಲು ಸೇತುವೆಯ ಮೇಲಿನಿಂದ, ಒಮ್ಮೊಮ್ಮೆ ಹಳಿಗಳ ನಡುವೆಯೇ ನಿಂತು ಉಳಿದ ಫೋಟೊಗಳನ್ನು ಮುಗಿಸುತ್ತಿದ್ದ. ಕಲ್ಲಿದ್ದಲ ಎಂಜಿನ್ನು, ಸಣ್ಣ ಹಳಿಯ ಪ್ಯಾಸೆಂಜರ್ ಗಾಡಿ, ಕಿಟಕಿಯಿಂದ ಹೊರಗೆ ಕೈಚಾಚಿದ ಮಂದಿ, ತುಕ್ಕು ಹಿಡಿದ ಗೂಡ್ಸ್ ಡಬ್ಬಿಗಳು. ಗೂಡ್ಸ್ ಡಬ್ಬಿಯ ಬೆನ್ನಿನ ಫೋಟೊ ಯಾವ ಶಾಣ್ಯಾ ಮನುಷ್ಯ ತೆಗೆಯುತ್ತಾನೋ ನನಗೆ ತಿಳಿಯದು. ಕಾಕಾ ರಾಶಿ ರಾಶಿ ತೆಗೆದಿದ್ದಾನೆ. ಬಹಳಷ್ಟು ಫೋಟೊಗಳಲ್ಲಿ ರೈಲಿಗಿಂತ ಹೊಗೆ ಹೆಚ್ಚು, ಹೊಗೆಗಿಂತ ವಿದ್ಯುತ್ ಕಂಬ ಹೆಚ್ಚು.

ಯಾರ್ಡಿನಲ್ಲಿ ಫೋಟೊ ತೆಗೆಯುವುದಕ್ಕೆ ಆಗ ಮನಾಯಿ ಇತ್ತು. ಒಮ್ಮೆ ಸೇತುವೆಯ ಕೆಳಗಿನ ನೆರಳಿನಲ್ಲಿ ಪೊಲೀಸನೊಬ್ಬ ಕಾಕಾನ ಕೊರಳಪಟ್ಟಿ ಹಿಡಿದ.

"ಏನಲೇ, ಯಾರಿಗೆ ಕಳಸ್ತಿ ಈ ಫೋಟೊ?"

"ಯಾರಿಗೂ ಇಲ್ರಿ ಸಾಹೇಬ್ರ. ನಿಮ್ಮ ಮೀಸಿ ದೂರದಿಂದ ಕಾಣಿಸ್ತು. ಒಂದ ಫೋಟೊ ಹೊಡೀಬೇಕು ಅನ್ನಿಸ್ತು, ಬಂದೆ."

ಸಾಹೇಬರು ಕೊರಳಪಟ್ಟಿ ಬಿಟ್ಟರು. ಬೆಲ್ಟು ಏರಿಸಿದರು, ಮೀಸೆ ತೀಡಿದರು. ಕಾಕಾ ಖಾಲಿ ಫ್ಲ್ಯಾಶು ಹೊಡೆದ. ವರ್ಗವಾಗಿ ಹೋಗುವವರೆಗೂ ಆ ಮನುಷ್ಯ ತನ್ನ ಫೋಟೊ ಕೇಳುತ್ತಲೇ ಇದ್ದನಂತೆ. "ಬೆಳಕು ಹೊಡದೈತ್ರಿ ಸಾಹೇಬ್ರ, ಇನ್ನೊಂದ ಹೊಡಿಯೋಣ ನಿಂದರ್ರಿ" ಎಂದು ಕಾಕಾ ಮತ್ತೆ ಖಾಲಿ ಫ್ಲ್ಯಾಶು. ಈ ಕಥೆ ನಮ್ಮ ಮನೆಯ ಪ್ರತಿ ಹಬ್ಬಕ್ಕೂ ಇದ್ದದ್ದೇ. ಪೊಲೀಸನ ದನಿ, ಕಾಕಾನ ದನಿ, ಫ್ಲ್ಯಾಶಿನ ಠಪ್, ಮೂರನ್ನೂ ನಾನೇ ಮಾಡಿ ತೋರಿಸಿ ಎಲ್ಲರನ್ನೂ ನಗಿಸುತ್ತೇನೆ. ಕಾಕಾ ಎಲ್ಲರಿಗಿಂತ ಜೋರಾಗಿ ನಗುತ್ತಾನೆ.

ಈ ಫೋಟೊಗಳಲ್ಲಿ ಒಂದನ್ನು ನಾನು ಮೊಬೈಲಿನಲ್ಲಿ ಹಾಕಿದ್ದೇ ತಡ, ಧಾರವಾಡದ ರೈಲುಪ್ರೇಮಿಗಳ ಬಳಗ ಜಾಗೃತವಾಯಿತು. ಇಂಥದೊಂದು ಬಳಗ ಇದೆ. ಅದರ ಸದಸ್ಯರಿಗೆ ಹೆಂಡತಿಯ ಹುಟ್ಟಿದ ದಿನ ನೆನಪಿರುವುದಿಲ್ಲ, ಎಂಜಿನ್ನಿನ ನಂಬರು ನೆನಪಿರುತ್ತದೆ. ನಮ್ಮ ಹುಬ್ಬಳ್ಳಿಯ ಪ್ಲಾಟ್‌ಫಾರ್ಮಿನಷ್ಟು ಉದ್ದದ್ದು ಜಗತ್ತಿನಲ್ಲೇ ಇಲ್ಲ ಎಂದು ಎದೆ ಉಬ್ಬಿಸುತ್ತಾರೆ. ಅದರ ಈ ತುದಿಯಿಂದ ಆ ತುದಿಗೆ ನಡೆಯಿರಿ ಎಂದರೆ ಮೊಣಕಾಲು ಹಿಡಿದುಕೊಳ್ಳುತ್ತಾರೆ. ಬಳಗದ ಅಧ್ಯಕ್ಷರು ಕಾಕಾನನ್ನು ಕಾಣಲು ಧಾರವಾಡದಿಂದ ಹುಬ್ಬಳ್ಳಿಗೆ ಬಂದರು, ಕಾರಿನಲ್ಲಿ. ರೈಲಿನ ಒಳಗೆ ಕೂತರೆ ಎಂಜಿನ್ನು ಕಾಣುವುದಿಲ್ಲವಂತೆ.

"ಎಂಥಾ ಖಜಾನೆ ಅದ ರೀ ಇದು!" ಎಂದು ಅಧ್ಯಕ್ಷರು ಹೊಗೆಯ ಫೋಟೊ ಒಂದನ್ನು ಎದೆಗವಚಿಕೊಂಡರು. "ನೀವು ಬರೇ ಫೋಟೊಗ್ರಾಫರ್ ಅಲ್ಲ ರೀ, ನೀವು ಇತಿಹಾಸಕಾರರು."

ಕಾಕಾ ಅವತ್ತಿನಿಂದ ಗಡ್ಡ ಬಿಟ್ಟ.

ಪ್ರದರ್ಶನ ಧಾರವಾಡದಲ್ಲೇ ಎಂದು ನಿಶ್ಚಯವಾಯಿತು. ಹುಬ್ಬಳ್ಳಿಯಲ್ಲಿ ಪ್ರದರ್ಶನ ಎಂದರೆ ಸೀರೆ ಯಾವ ರೇಟು ಎಂದು ಕೇಳುತ್ತಾರೆ. ನೆಗೆಟಿವ್‌ಗಳನ್ನು ಕಂಪ್ಯೂಟರಿಗೆ ಏರಿಸುವ ಕೆಲಸ ನನ್ನದು. ಅಲ್ಲಿ ನನಗೊಂದು ಮಹಾ ಬುದ್ಧಿ ಹೊಳೆಯಿತು. ಒಂದು ನೆಗೆಟಿವ್ ಪಟ್ಟಿಯನ್ನು ಕತ್ತರಿಸದೆ, ಅಂಚಿನ ತೂತುಗಳ ಸಮೇತ, ಅದರಲ್ಲಿರುವ ಫೋಟೊಗಳನ್ನೆಲ್ಲ ಸಾಲಾಗಿ ಗೋಡೆಯಷ್ಟು ಉದ್ದ ಅಚ್ಚು ಹಾಕಿಸಿದರೆ? ಅಧ್ಯಕ್ಷರು ಕುಣಿದಾಡಿದರು. "ಅದಕ್ಕ ಅಂತಾರ ನೋಡ್ರಿ, ಒರಿಜಿನಲ್!" ನಾನು ಆರಿಸಿದ ಪಟ್ಟಿಯಲ್ಲಿ ಮೊದಲ ಎರಡು ಫೋಟೊಗಳು ಯಾರದೋ ಲಗ್ನದವು. ಮದುಮಗಳಿಗೆ ಉಡಿ ತುಂಬುತ್ತಿದ್ದಾರೆ, ಹಸಿರು ಸೀರೆ, ಅಕ್ಕಿ, ಕೊಬ್ಬರಿ ಬಟ್ಟಲು. ಅದರ ಬೆನ್ನಿಗೇ, ಹಸಿರಿನಿಂದ ನೇರ ತುಕ್ಕಿಗೆ, ಗೂಡ್ಸ್ ಗಾಡಿ. ಉಳಿದದ್ದೆಲ್ಲ ಅದೇ ಗಾಡಿ. ಸಣ್ಣ ಹಳಿ ಕಿತ್ತು ದೊಡ್ಡ ಹಳಿ ಹಾಕುವ ಮುಂಚೆ ಯಾರ್ಡಿನಿಂದ ಹೊರಟ ಕೊನೆಯ ಗೂಡ್ಸ್ ಎಂದು ಕಾಕಾ ಹೇಳಿದ್ದ. ಮದುಮಗಳು ಯಾರೆಂದು ಕಾಕಾನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಬಣ್ಣ ಚಂದ ಕಾಣುತ್ತಿತ್ತು, ನನಗೆ ಅಷ್ಟು ಸಾಕಾಯಿತು.

ಇನ್ನು ಜನ ಬೇಕಿತ್ತು. ರೈಲುಪ್ರೇಮಿಗಳು ಎರಡು ಸಾಲು ಕುರ್ಚಿಗೂ ಸಾಲುವುದಿಲ್ಲ. ಕಾಕಾ ಮಧ್ಯಾಹ್ನ ಒರಗಿದಾಗ ನಾನು ಅವನ ಮೊಬೈಲು ಎತ್ತಿಕೊಂಡು, ಅವನದೇ ದನಿಯಲ್ಲಿ ಹಳೆಯ ಗಿರಾಕಿಗಳಿಗೆಲ್ಲ ಫೋನು ಹಚ್ಚಿದೆ. ಹಳೇ ರೀಲು ಹೊರಗ ತೆಗದೇನ್ರಿ, ಪ್ರದರ್ಶನ ಐತ್ರಿ, ನಿಮ್ಮ ಲಗ್ನದ್ದೂ ಅದರಾಗ ಇರಬಹುದು ನೋಡ್ರಿ, ಬರ್ರಿ. ಹಾಗೆ ಹಚ್ಚುತ್ತ ಹೋದಾಗ ಒಂದು ನಂಬರು ಸಿಕ್ಕಿತು. ಕಾಕಾ ಅದನ್ನು 'ಎತ್ತಬ್ಯಾಡ ಅಮ್ಮಿನಬಾವಿ' ಎಂಬ ಹೆಸರಿನಲ್ಲಿ ಇಟ್ಟುಕೊಂಡಿದ್ದ. ಬುದ್ಧಿಯಿದ್ದವನು ಅಲ್ಲಿಗೇ ನಿಲ್ಲುತ್ತಿದ್ದ.

ನಾನು ಸ್ಟುಡಿಯೋದವನು ಎಂದ ಕೂಡಲೇ ಆ ಕಡೆಯಿಂದ, "ನೀವ ಮಾಡೀರಿ ಫೋನು? ಖರೇನ?"

"ಖರೇನ್ರಿ. ನಿಮ್ಮ ಲಗ್ನದ ರೀಲು ಪ್ರದರ್ಶನಕ್ಕ ಇಟ್ಟೇನ್ರಿ."

"ಹಂಗಾದ್ರ ನಮ್ಮಪ್ಪಂದು? ಬೆಳಕು ಹೊಡದು ಕೆಟ್ಟೈತಿ ಅಂದಿದ್ರಲ್ಲ, ಅದು? ಈಗ ಕಂಪ್ಯೂಟರದಾಗ ಎಂಥಾ ಕೆಟ್ಟಿದ್ದೂ ಸರಿ ಮಾಡ್ತಾರಂತ. ಕೆಟ್ಟದ್ದರ ಕೊಡ್ರಿ, ನಾವು ಮಾಡಿಸ್ಕೋತೇವಿ ಅಂತ ಹೇಳಾಕ ವರ್ಷಾ ವರ್ಷಾ ಫೋನ್ ಹಚ್ತೇನಿ. ನೀವು ಎತ್ತೂದ ಇಲ್ಲ. ನಮ್ಮಪ್ಪನ ಫೋಟೊ ಐತೇನ್ರಿ?"

ಬೆಳಕು ಹೊಡೆದಿದೆ ಎಂಬ ಮಾತನ್ನು ಅಷ್ಟು ಸಲ ಅಭಿನಯಿಸಿದ ನನಗೆ ಆ ಗಳಿಗೆಯಲ್ಲಿ ಏನೂ ಹೊಳೆಯಲಿಲ್ಲ. ದನಿ ಸರಿಯಾಗಿ ಕೂತಿದೆಯೇ ಎಂಬುದಷ್ಟೇ ನನ್ನ ಚಿಂತೆ. "ಇರೂದಿಲ್ಲೇನ್ರಿ ಮತ್ತ?" ಎಂದೆ.

ಪ್ರದರ್ಶನದ ದಿನ ಸಭಾಂಗಣ ತುಂಬಿತು. ರೈಲುಪ್ರೇಮಿಗಳು ಕೊರಳಿಗೆ ದೊಡ್ಡ ದೊಡ್ಡ ಕ್ಯಾಮೆರಾ ಹಾಕಿಕೊಂಡು ಒಂದು ಕಡೆ. ಇನ್ನೊಂದು ಕಡೆ ಜರಿ ಸೀರೆಯುಟ್ಟು, ಮಕ್ಕಳು ಸೊಸೆಯಂದಿರನ್ನು ಕರೆದುಕೊಂಡು ಬಂದ ಹಳೆಯ ಮದುಮಕ್ಕಳು. ಅವರು ಗೋಡೆಯಿಂದ ಗೋಡೆಗೆ ತಮ್ಮನ್ನು ಹುಡುಕುತ್ತಿದ್ದರು. "ಏ ಇಲ್ಲೆ ನೋಡ, ನಿಮ್ಮ ಸ್ವಾದರಮಾವ" ಎಂದೊಬ್ಬರು ಕರೆದದ್ದಕ್ಕೆ ಹೆಂಡತಿ ಕನ್ನಡಕ ಏರಿಸಿ ನೋಡಿ, "ಅದು ಎಂಜಿನ್ರಿ" ಎಂದರು. ಪಕ್ಕದಲ್ಲಿದ್ದ ರೈಲುಪ್ರೇಮಿ ಅದರ ನಂಬರು ಹೇಳಿದ.

ಅಮ್ಮಿನಬಾವಿಯವರು ಒಬ್ಬರೇ ಬಂದಿದ್ದರು. ನನ್ನ ಕೊರಳಿನ ಬ್ಯಾಡ್ಜು ನೋಡಿ ಹತ್ತಿರ ಬಂದು, ಸೆರಗಿನ ತುದಿಗೆ ಕಟ್ಟಿದ್ದ ಪೆನ್‌ಡ್ರೈವ್ ಬಿಚ್ಚಿ ತೋರಿಸಿದರು.

"ತಮ್ಮಾ, ಅಳಿಯಾ ಕೊಟ್ಟ ಕಳಿಸ್ಯಾನ. ಇದರಾಗ ಹಾಕಿ ಕೊಡ್ತಾರೇನು ನಮ್ಮಪ್ಪನ್ನ?"

"ಕೇಳ್ತೇನ್ರಿ" ಎಂದೆ. ಬಹುಶಃ ಅದು ನನ್ನದೇ ದನಿ. ತೀರ ಸಣ್ಣಗೆ ಬಂತು.

"ಅಪ್ಪ ತೀರ್ಕೊಂಡು ಭಾಳ ವರ್ಷಾತು. ವೋಟರ್ ಕಾರ್ಡಿನಾಗ ಅದಾನ, ಇಲ್ಲಂತಲ್ಲ. ಅದರಾಗ ಕಣ್ಣ ಮುಚ್ಯಾನ. ಯಾವಾಗ್ಲೂ ಫೋಟೊ ಅಂದ್ರ ಹಿತ್ತಲಕ್ಕ ಓಡಾಂವ. ನನ್ನ ಲಗ್ನದಾಗ, ಉಡಿ ತುಂಬಿದ ಮ್ಯಾಲ, ನಾನ ಕೈ ಹಿಡದು ಜಗ್ಗಿ ತಂದೆ. ತಡಿ ಅಂತ ಒಳಗ ಹೋಗಿ ಹೊಸಾ ರುಮಾಲು ಸುತ್ಕೊಂಡ ಬಂದು ನನ್ನ ಬಾಜೂಕ ನಿಂತಾ ನೋಡು. ಫ್ಲ್ಯಾಶ್ ಬಿದ್ದಿದ್ದು ನಾನ ಕಂಡೇನಿ."

ಉಡಿ ಎಂಬ ಮಾತು ಕಿವಿಗೆ ಬಿದ್ದರೂ ನನ್ನ ತಲೆ ಕೆಲಸ ಮಾಡಲಿಲ್ಲ. ವೇದಿಕೆಯಿಂದ ನನ್ನನ್ನು ಕರೆಯುತ್ತಿದ್ದರು. ಕರೆದರೆ ನಾನು ಓಡುವವನು. ಅಧ್ಯಕ್ಷರು ಕಾಕಾನಿಗೆ ಶಾಲು ಹೊದಿಸಿ, ಉಗಿ ಎಂಜಿನ್ನಿನ ಆತ್ಮದ ಬಗ್ಗೆ ಜನರಿಗೆ ಹಸಿವಾಗುವಷ್ಟು ಹೊತ್ತು ಮಾತಾಡಿದ್ದರು. ಈಗ ಸ್ವಲ್ಪ ನಗೆ ಬೇಕಿತ್ತು. ಕಾಕಾನೇ ಕೂತಲ್ಲಿಂದ ಕೂಗಿದ, "ಆ ಪೊಲೀಸಂದು ಮಾಡಲೇ!"

ಮಾಡಿದೆ. ಪೊಲೀಸನದು ಮಾಡಿದೆ, ಮೀಸೆ ತೀಡಿದೆ, ಮಂದಿ ನಕ್ಕರು. ನಕ್ಕರೆ ನನಗೆ ನಿಲ್ಲಿಸಲು ಬರುವುದಿಲ್ಲ. ಮುಂದುವರಿದು ಲಗ್ನದ ಮನೆಯನ್ನೂ ತಂದೆ. ಕಾಕಾನ ಹಾಗೆ ಸೊಂಟ ಬಗ್ಗಿಸಿ, ಒಂದು ಕಣ್ಣು ಮುಚ್ಚಿ, "ನಿಂದರ್ರಿ ಯಜಮಾನ್ರ, ರುಮಾಲು ಸರಿ ಮಾಡ್ಕೋರಿ, ಇನ್ನೀಟ ಗದ್ದ ಎತ್ರಿ, ಹಾಂ, ಉಸರ ಬಿಡಬ್ಯಾಡ್ರಿ... ಠಪ್! ಛಲೋ ಬಂತ್ರಿ, ಊಟಕ್ಕ ಹೋಗ್ರಿ!" ಆಮೇಲೆ ಜನರ ಕಡೆ ತಿರುಗಿ, ಕಾಕಾನದೇ ಪಿಸುದನಿಯಲ್ಲಿ, "ಬೆಳಕ ಅಷ್ಟ ಅವರಿಗೆ. ರೀಲು ಎಲ್ಲಾ ರೈಲಿಗೆ. ಕೇಳಿದ್ರ ಬೆಳಕು ಹೊಡದೈತಿ ಅನ್ನೂದು!"

ಸಭಾಂಗಣ ಬಿದ್ದು ಬಿದ್ದು ನಕ್ಕಿತು. ಕಾಕಾ ಶಾಲಿನ ಅಂಚಿನಿಂದ ಕಣ್ಣೊರೆಸಿಕೊಂಡು ನಕ್ಕ. ಅಷ್ಟರಲ್ಲಿ ಅವನ ಕಣ್ಣು ಎದುರು ಸಾಲಿಗೆ ಬಿತ್ತು. ಅಲ್ಲಿ ಅಮ್ಮಿನಬಾವಿಯವರು ನಗದೆ ಕೂತಿದ್ದರು. ಕಾಕಾನ ನಗು ಬಾಯಲ್ಲೇ ಉಳಿಯಿತು. ಇವರನ್ನು ಯಾರು ಕರೆದರು ಎಂದು ಅವನು ನನ್ನ ಕಡೆ ನೋಡಿದ. ನಾನು ಮೇಲಿನ ಫ್ಯಾನು ಎಷ್ಟು ಚೆನ್ನಾಗಿ ತಿರುಗುತ್ತಿದೆ ಎಂದು ಗಮನಿಸುತ್ತಿದ್ದೆ.

ಅವರು ಎದ್ದು ನನ್ನ ಉದ್ದನೆಯ ಪಟ್ಟಿಯ ಹತ್ತಿರ ಹೋದರು. ಮೊದಲ ಫೋಟೊದ ಮೇಲೆ ಬೆರಳಿಟ್ಟರು.

"ಇದು ನಾನು." ಬೆರಳು ಸರಿಯಿತು. "ಇದು ನಮ್ಮವ್ವ, ಉಡಿ ತುಂಬಾಕತ್ತಾಳ." ಬೆರಳು ಮತ್ತೆ ಸರಿದು ಗೂಡ್ಸ್ ಗಾಡಿಯ ಮೇಲೆ ನಿಂತಿತು. "ಇಲ್ಲೆ ನಮ್ಮಪ್ಪ ಇರಬೇಕಿತ್ತು."

ಅವರು ಕಾಕಾನ ಕಡೆ ತಿರುಗಿದರು.

"ಬೆಳಕು ಹೊಡದಿಲ್ಲಲ್ರಿ ಇದಕ್ಕ? ಕೆಟ್ಟೂ ಇಲ್ಲ. ಒಂದರ ಪಕ್ಕ ಒಂದು ಸರಿಯಾಗ ಅದಾವ. ಈ ಹುಡುಗ ಮಾಡಿ ತೋರಿಸಿದ್ನಲ್ಲ ಈಗ, ಅದನ್ನ ಮಾಡೀರಿ ನಮ್ಮಪ್ಪಗ. ಹೌದಲ್ರಿ?"

ಕಾಕಾ ಎದ್ದು ನಿಂತ. ಶಾಲು ಒಂದು ಹೆಗಲಿನಿಂದ ಜಾರಿತ್ತು. ಗಡ್ಡ ಕೆರೆದುಕೊಂಡ. ಇಷ್ಟು ವರ್ಷ ಯಾರು ಏನು ಕೇಳಿದರೂ ತಯಾರಿದ್ದ ಉತ್ತರವನ್ನು ನಾನು ಈಗಷ್ಟೇ ಎಲ್ಲರೆದುರು ಹೇಳಿ ಮುಗಿಸಿದ್ದೆ.

ಇಂಥ ಹೊತ್ತಿನಲ್ಲಿ ಸುಮ್ಮನಿರುವುದು ಗೊತ್ತಿದ್ದರೆ ಅವರು ಅಧ್ಯಕ್ಷರಾಗುತ್ತಿರಲಿಲ್ಲ. ಮೈಕು ಹಿಡಿದುಕೊಂಡೇ ಬಂದರು. "ಅಕ್ಕಾವರ, ನಿಮ್ಮ ಭಾವನಾ ನಮಗ ತಿಳೀತದ. ಆದ್ರ ನೀವು ಇದನ್ನ ದೊಡ್ಡ ದೃಷ್ಟಿಯಿಂದ ನೋಡ್ಬೇಕು. ಇದು ಸಾದಾ ಗೂಡ್ಸ್ ಅಲ್ಲ. ಸಣ್ಣ ಹಳಿ ಮ್ಯಾಲಿನ ಕಡೀ ಗೂಡ್ಸ್ ಅದ. ಇದರ ಫೋಟೊ ಬ್ಯಾರೆ ಯಾರ ಹತ್ರಾನೂ ಇಲ್ಲ. ಒಂದು ರೀತಿ ನಿಮ್ಮ ತಂದೆಯವರು ಇತಿಹಾಸಕ್ಕ ತಮ್ಮ ಜಾಗಾ ಬಿಟ್ಟುಕೊಟ್ಟಾರ ಅಂತ ತಿಳ್ಕೋರಿ."

ಹಿಂದಿನಿಂದ ಒಬ್ಬ ರೈಲುಪ್ರೇಮಿ ಚಪ್ಪಾಳೆಯನ್ನೂ ತಟ್ಟಿದ. ಒಂದೇ ಚಪ್ಪಾಳೆ. ಉಳಿದವರು ತಟ್ಟಲಿಲ್ಲವೆಂದು ಕೈಯನ್ನು ಜೇಬಿಗೆ ಹಾಕಿಕೊಂಡ.

ಮುಳುಗುವವನಿಗೆ ಹಗ್ಗ ಸಿಕ್ಕಂತೆ ಕಾಕಾ ಆ ಮಾತನ್ನೇ ಹಿಡಿದುಕೊಂಡ. "ಹೌದವ್ವಾ, ಖರೇ ಹೇಳ್ತೇನಿ. ನಿಮ್ಮ ಲಗ್ನದ ಮರುದಿನಾನ ಅದು ಹೋಗೂದಿತ್ತು. ರೀಲಿನಾಗ ನಾಕ ಉಳಿದಿದ್ವು. ನಿಮ್ಮಪ್ಪನ ಫೋಟೊ ಮತ್ತ ಯಾವಾಗರ ತೆಗದ್ರಾತು ಅಂದ್ಕೊಂಡೆ. ಆ ಗಾಡಿ ಹಂಗಲ್ಲವ್ವಾ. ಒಮ್ಮೆ ಹೋತಂದ್ರ ಹೋತು, ತಿರುಗಿ ಬರೂ ಗಾಡಿ ಅಲ್ಲ ಅದು."

ಅಮ್ಮಿನಬಾವಿಯವರು ಪೆನ್‌ಡ್ರೈವನ್ನು ಸೆರಗಿನ ತುದಿಗೆ ಮತ್ತೆ ಗಂಟು ಹಾಕಿದರು. ಗಂಟು ಬಿಗಿಯಾಯಿತೇ ಎಂದು ಒಮ್ಮೆ ಜಗ್ಗಿ ನೋಡಿದರು. ಆಮೇಲೆ ಕಾಕಾನ ಮುಖ ನೋಡಿ ಕೇಳಿದರು:

"ನಮ್ಮಪ್ಪ ಏನ್ ದಿನಾ ಬರೂ ಗಾಡಿ ಆಗಿದ್ನೇನ್ರಿ?"